ಕೊಕ್ಕೊನೂ ಇರಲಿ, ಲಾಂಗ್ ಜಂಪೂ ಇರಲಿ

ಪ್ರಶ್ನೆ: ನನ್ನ ಮಗಳು ಬಿ.ಕಾಂ. ಎರಡನೇ ವರ್ಷ. ಕಾಲೇಜಿನ ಕೊಕ್ಕೊ ತಂಡದಲ್ಲಿ ಮೊದಲ ಬ್ಯಾಚಿಗೇ, ಅಂದರೆ ಮೊದಲು ಅಂಕಣಕ್ಕಿಳಿಯುವ ಮೂವರಲ್ಲೇ, ಓಡುತ್ತಾಳೆ. ಈ ವರ್ಷ ತಂಡ ಗೆದ್ದಿತು, ಲಾಂಗ್ ಜಂಪ್‌ನಲ್ಲೂ ಬೆಳ್ಳಿ ತಂದಳು. ಈಗ ಮನೆಯಲ್ಲಿ ಎಲ್ಲರೂ ‘ಎರಡು ದೋಣಿ ಮೇಲೆ ಕಾಲು ಬೇಡ’ ಅನ್ನುತ್ತಿದ್ದಾರೆ. ಯಾವುದನ್ನು ಬಿಡಿಸಲಿ?
– ಒಬ್ಬ ತಾಯಿ, ಗೌರಿಬಿದನೂರು

ಉತ್ತರ: ಯಾವುದನ್ನೂ ಬಿಡಿಸಬೇಡಿ. ಮೊದಲು ಅವಳಿಗೆ ನನ್ನದೊಂದು ಶಭಾಶ್ ಹೇಳಿ.

ಅಮೆರಿಕದ ಜಾಕಿ ಜಾಯ್ನರ್ ಕರ್ಸಿ ಲಾಸ್ ಏಂಜಲೀಸ್‌ನಲ್ಲಿ ಕಾಲೇಜು ಓದುವಾಗ ಬ್ಯಾಸ್ಕೆಟ್‌ಬಾಲ್ ತಂಡದಲ್ಲೂ ಇದ್ದರು, ಅಥ್ಲೆಟಿಕ್ಸ್‌ನಲ್ಲೂ ಇದ್ದರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಹೆಪ್ಟಾಥ್ಲಾನ್ (ಏಳು ಸ್ಪರ್ಧೆ ಸೇರಿದ ಒಂದು ಆಟ) ಚಿನ್ನ, ಲಾಂಗ್ ಜಂಪ್ ಚಿನ್ನ ಎರಡೂ ಅವರದೇ. ಆ ಹೆಪ್ಟಾಥ್ಲಾನ್‌ನ 7,291 ಅಂಕ ಇನ್ನೂ ವಿಶ್ವದಾಖಲೆ. ನಿಮಗೆ ಬೇಕಾದ ಮಾತು ಬೇರೆ ಇದೆ. 1984ರ ಒಲಿಂಪಿಕ್ಸ್ ಹತ್ತಿರ ಬಂದಾಗ ಅವರು ಬ್ಯಾಸ್ಕೆಟ್‌ಬಾಲನ್ನು ಒಂದು ಸೀಸನ್ ಪಕ್ಕಕ್ಕಿಟ್ಟರು. ಬೆಳ್ಳಿ ಗೆದ್ದರು, ವಾಪಸ್ ಬಂದು ಆಡಿದರು. ಬಿಟ್ಟಿದ್ದಲ್ಲ, ಸರದಿಗೆ ಹಾಕಿದ್ದು.

ಸರದಿ ಗೊತ್ತಿಲ್ಲದೆ ಕೆಟ್ಟವನು ನಾನು. ತುಮಕೂರಿನಲ್ಲಿ ಓದುವಾಗ ನನ್ನದೂ ಇದೇ ಎರಡು ಆಟ. ಒಂದು ಕೂಟದಲ್ಲಿ ಕೊಕ್ಕೊ ಸೆಮಿಫೈನಲ್ ಮುಗಿದ ಅರ್ಧ ಗಂಟೆಗೆ ಜಂಪ್. ಪೋಲ್ ಡೈವ್ ಹೊಡೆದು, ಅಂದರೆ ಕಂಬ ಹಿಡಿದು ಮೈಚಾಚಿ ಹಾರಿ, ಮಂಡಿ ತರಚಿತ್ತು. ಅದಿರಲಿ, ಹೆಜ್ಜೆಯೇ ಕೆಟ್ಟಿತ್ತು. ಕೊಕ್ಕೊದಲ್ಲಿ ಸೊಂಟ ಬಗ್ಗಿಸಿ ಪುಟ್ಟ ಪುಟ್ಟ ಹೆಜ್ಜೆ. ಕೂತ ಒಬ್ಬೊಬ್ಬರ ಮಧ್ಯೆಯೂ ಹಾವಿನ ಹಾಗೆ ನುಸುಳಿ ಓಡುವ ಸಿಂಗಲ್ ಚೈನ್ ಹಾಕುವಾಗ ಯಾವ ಕಾಲು ಮುಂದೆ ಅಂತ ಯಾರು ನೋಡುತ್ತಾರೆ? ಜಂಪ್‌ನಲ್ಲಿ ಪ್ರತಿ ಹೆಜ್ಜೆಯೂ ಎಣಿಸಿದ್ದು. ಕೊನೆಗೆ ಪಾದ ಜಿಗಿಯುವ ಜಾಗದ ಆ 20 ಸೆಂಟಿಮೀಟರ್ ಅಗಲದ ಹಲಗೆಯ ಮೇಲೇ ಬೀಳಬೇಕು. ನನ್ನದು ಮೂರಕ್ಕೆ ಮೂರೂ ಫೌಲ್. ಮೂರನೇ ಸಲ ಕೆಂಪು ಬಾವುಟ ಎತ್ತಿದವರು ನಮ್ಮ ಆಟದ ಮೇಷ್ಟ್ರು, ಪಿ.ಡಿ. ಸರ್ರೇ! ನನ್ನ ಮುಖ ಮಾತ್ರ ನೋಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಅಥ್ಲೆಟಿಕ್ಸ್ ಕೂಟಕ್ಕೆ ಮೂರು ವಾರ ಇರುವಾಗ ಡೈವ್ ನಿಲ್ಲಿಸಲಿ. ಟೇಪ್ ಹಿಡಿದು ರನ್‌ಅಪ್ (ಜಿಗಿಯುವ ಮುಂಚಿನ ಓಟ) ಅಳೆದು ಸುಣ್ಣದ ಗುರುತು ಹಾಕಿಕೊಳ್ಳಲಿ. ಕೊಕ್ಕೊ ಮ್ಯಾಚಿನ ಮಾರನೇ ದಿನ ಜಿಗಿಯುವುದೇ ಬೇಡ. ಎರಡೂ ಒಂದೇ ದಿನ ಬಿದ್ದರೆ ಒಂದಕ್ಕೆ ಹೆಸರು ಕೊಡದಿದ್ದರಾಯಿತು.

ಊಟ ಜಾಸ್ತಿ ಬೇಕು. ಒಂದು ಮುದ್ದೆ ತಿನ್ನುವವಳು ಒಂದೂವರೆ ತಿನ್ನಲಿ, ಜೊತೆಗೆ ಮೊಳಕೆ ಹೆಸರುಕಾಳು, ಮೊಟ್ಟೆ. ಮುಟ್ಟು ನಿಂತರೆ ‘ಆಟ ಆಡೋರಿಗೆ ಹಂಗೇ’ ಅಂತ ಸುಮ್ನಿರಬೇಡಿ. ತಿಂದದ್ದು ಸಾಲುತ್ತಿಲ್ಲ ಅನ್ನುವ ಸೂಚನೆ ಇರಬಹುದು, ಡಾಕ್ಟರಿಗೆ ತೋರಿಸಿ.

ಕೊಕ್ಕೊ ಆಡಿ ಏನು ಸಿಗುತ್ತೆ ಅನ್ನುವವರಿಗೆ 2025ರ ಜನವರಿ ನೆನಪಿಸಿ. ದೆಹಲಿಯಲ್ಲಿ ಮೊದಲ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದರು. ಅಂತರ ವಿಶ್ವವಿದ್ಯಾಲಯ ಕೂಟಕ್ಕೂ 25 ವರ್ಷದವರೆಗೆ ಅವಕಾಶ ಇದೆ, ಅವಸರ ಯಾಕೆ ಅಲ್ವಾ?

ಅವಳು ಯಾವ ಕಾಲಲ್ಲಿ ಜಿಗಿಯುತ್ತಾಳೆ ಅಂತ ನೀವು ಬರೆದಿಲ್ಲ. ಮುಂದಿನ ಪತ್ರ ಅವಳೇ ಬರೆಯಲಿ.