‘ನಿನ್ನ ಚಿತ್ತವು’ ಅನ್ನುವಲ್ಲಿ ನನ್ನ ಬಾಯಿ ಕಟ್ಟಿಹೋಗುತ್ತದೆ

ಪ್ರಶ್ನೆ: ಕಳೆದ ಫೆಬ್ರವರಿಯಲ್ಲಿ ನಮ್ಮ ಮಗಳು ತೀರಿಕೊಂಡಳು. ಅವಳಿಗೆ 9 ವರ್ಷ, ರಕ್ತದ ಕ್ಯಾನ್ಸರ್. 14 ತಿಂಗಳು ಚಿಕಿತ್ಸೆ ಕೊಡಿಸಿದೆವು, ಚರ್ಚಿನ ಸಭೆಯವರು ಉಪವಾಸವಿದ್ದು ಪ್ರಾರ್ಥಿಸಿದರು. ಈಗ ಅವರಲ್ಲೇ ಕೆಲವರು, ನಮ್ಮ ನಂಬಿಕೆಯಲ್ಲಿ ಕೊರತೆ ಇತ್ತು ಅನ್ನುತ್ತಾರೆ. ‘ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು, ಅಳಬಾರದು’ ಅನ್ನುತ್ತಾರೆ ಅತ್ತೆ. ಮೊದಲ ಜ್ವರವನ್ನು ಮಾಮೂಲಿ ಅಂದುಕೊಂಡು ಎರಡು ವಾರ ಕಳೆದವಳು ನಾನು. ನನ್ನ ಗಂಡ ಅತ್ತಿದ್ದನ್ನು ನಾನು ನೋಡಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಬೈಕಿನಲ್ಲಿ ಒಬ್ಬರೇ ಹೊಸೂರು ರಸ್ತೆಯ ಸಮಾಧಿಗೆ ಹೋಗಿಬರುತ್ತಾರೆ. 11 ವರ್ಷದ ಮಗ, ‘ದೇವರು ನಮ್ಮ ಪ್ರಾರ್ಥನೆ ಯಾಕೆ ಕೇಳಲಿಲ್ಲ?’ ಅನ್ನುತ್ತಾನೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ‘ನಿನ್ನ ಚಿತ್ತವು’ ನೆರವೇರಲಿ ಅನ್ನುವ ಸಾಲು ಬಂದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಇದು ಪಾಪವೇ? ಕೆಲವು ರಾತ್ರಿ ನಾನೂ ಅವಳ ಹತ್ತಿರ ಹೋಗಿಬಿಡೋಣ ಅನ್ನಿಸುತ್ತದೆ. ಕಳೆದ ಕ್ರಿಸ್ಮಸ್‌ಗೆ ಅವಳು ಬಣ್ಣ ಹಚ್ಚಿದ ಸ್ಟಾರ್ ಅಟ್ಟದ ಮೇಲಿದೆ. ಈ ಸಲ ಕಟ್ಟಬೇಕೇ?
– ಹೆಸರು ಬೇಡ, ಲಿಂಗರಾಜಪುರ, ಬೆಂಗಳೂರು

ಉತ್ತರ: ತಂಗೀ, ಮೊದಲು ರಾತ್ರಿಯ ಆ ಮಾತು. ಮಗುವನ್ನು ಕಳೆದುಕೊಂಡ ಅನೇಕ ತಾಯಂದಿರಿಗೆ ಹೀಗನ್ನಿಸುತ್ತದೆ, ಹೇಳಿಕೊಳ್ಳುವವರು ಕಡಿಮೆ. ನೀವು ಬರೆದದ್ದು ಒಳ್ಳೆಯದಾಯಿತು. ಇವತ್ತೇ ಗಂಡನಿಗೂ ಹೇಳಿ, ಇದೇ ಮಾತಿನಲ್ಲಿ. ಹೇಗೆ, ಯಾವಾಗ ಎಂದು ಮನಸ್ಸು ಲೆಕ್ಕ ಹಾಕಲು ಶುರುಮಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ, ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ, ಆಸ್ಪತ್ರೆಗೆ ಹೊರಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಗಂಡ ಪ್ರತಿ ವಾರ ಹೋಗುವ ಅದೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋದರೆ ನಂಬಿಕೆ ಬಿಟ್ಟಂತೆ ಎಂದು ಯಾರಾದರೂ ಅಂದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಆ ಎರಡು ವಾರಗಳ ವಿಷಯ. ಜ್ವರ, ಸುಸ್ತು, ಕಾಲಿನ ಮೇಲೊಂದು ನೀಲಿ ಕಲೆ: ಮಕ್ಕಳಿರುವ ಯಾವ ಮನೆಯಲ್ಲಿ ಇವಿಲ್ಲ? ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ರಕ್ತದ ಕ್ಯಾನ್ಸರೇ ಹೆಚ್ಚು, ಅದು ಶುರುವಾಗುವುದೂ ಹೀಗೆ ಮಾಮೂಲಿ ಕಾಯಿಲೆಯ ವೇಷದಲ್ಲೇ. ಮೂಳೆಯ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಜೀವಕೋಶಗಳು ಹದ ತಪ್ಪುತ್ತವೆ. ಯಾಕೆ ಎಂಬುದು ಬಹುಪಾಲು ಮಕ್ಕಳಲ್ಲಿ ಡಾಕ್ಟರಿಗೂ ತಿಳಿಯುವುದಿಲ್ಲ. ನೀವು ಬಡಿಸಿದ ಊಟದಿಂದಲ್ಲ, ಮಾಡದೆ ಬಿಟ್ಟ ಪ್ರಾರ್ಥನೆಯಿಂದಂತೂ ಅಲ್ಲ.

ನಂಬಿಕೆ ಕಡಿಮೆಯಾಯಿತು ಅಂದವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಹುಟ್ಟುಕುರುಡನನ್ನು ತೋರಿಸಿ ‘ಪಾಪ ಮಾಡಿದವರು ಯಾರು, ಇವನೋ, ಇವನ ತಂದೆತಾಯಿಯೋ’ ಎಂದು ಶಿಷ್ಯರು ಕೇಳಿದಾಗ ಇಬ್ಬರೂ ಅಲ್ಲ ಅಂದವನು ಯೇಸುವೇ, ಯೋಹಾನನ ಸುವಾರ್ತೆಯ 9ನೇ ಅಧ್ಯಾಯ. ಅತ್ತೆಯವರ ಮಾತು ಸತ್ಯವೇದದ ಯೋಬನದು, ಅವನ ಪುಸ್ತಕದ ಮೊದಲ ಅಧ್ಯಾಯ. ಅವರೂ ಮೊಮ್ಮಗಳನ್ನು ಕಳೆದುಕೊಂಡವರು, ಆ ವಚನ ಹಿಡಿದೇ ನಿಂತಿರಬಹುದು, ಅದನ್ನು ಅವರಿಂದ ಕಿತ್ತುಕೊಳ್ಳುವುದು ಬೇಡ. ಆದರೆ ಯೋಬ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹತ್ತು ಮಕ್ಕಳನ್ನು ಕಳೆದುಕೊಂಡವನು ಮೂರನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ಆಮೇಲೆ ದೇವರೊಡನೆ ವಾದಕ್ಕೇ ಇಳಿಯುತ್ತಾನೆ. ಅವನ ಸ್ನೇಹಿತರು ಏಳು ದಿನ, ಏಳು ರಾತ್ರಿ ಬಾಯಿಬಿಡದೆ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಅಲ್ಲಿಯವರೆಗೆ ಅವರದು ಸರಿಯಿತ್ತು. ಬಾಯಿ ತೆರೆದು ‘ನಿನ್ನಲ್ಲೇ ಏನೋ ತಪ್ಪಿದೆ’ ಅಂದರು. ಕೊನೆಯ ಅಧ್ಯಾಯದಲ್ಲಿ ದೇವರು ಕೋಪಿಸಿಕೊಳ್ಳುವುದು ಅವರ ಮೇಲೆ. ‘ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ’ ಅನ್ನುತ್ತಾನೆ.

ನಾನೂ ಒಮ್ಮೆ ಆ ಸ್ನೇಹಿತರ ಸಾಲಿನಲ್ಲಿ ಕೂತವಳು. ಆಪ್ತಸಮಾಲೋಚನೆಗೆ ಹೊಸಬಳಾಗಿದ್ದಾಗ, ಮಕ್ಕಳ ವಾರ್ಡೊಂದರಲ್ಲಿ ಆಗಷ್ಟೇ ಮಗನನ್ನು ಕಳೆದುಕೊಂಡಿದ್ದ ತಂದೆಗೆ ‘ಇದರಲ್ಲೂ ದೇವರ ಯೋಜನೆ ಇದೆ’ ಅಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಮಗುವಿನ ಹೊದಿಕೆಯನ್ನು ಮಡಿಸಿದರು, ಬಿಚ್ಚಿದರು, ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಿಸಿದರು. ಆ ಮಾತನ್ನು ಆಮೇಲೆ ಯಾರಿಗೂ ಹೇಳಿಲ್ಲ.

‘ನಿನ್ನ ಚಿತ್ತವು’ ಅನ್ನುವಲ್ಲಿ ನಿಂತುಹೋಗುವುದು ಪಾಪವಲ್ಲ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೊದಲು ಬೇಡಿದ್ದು ‘ಈ ಪಾತ್ರೆಯನ್ನು ನನ್ನಿಂದ ತೊಲಗಿಸು’ ಎಂದು, ಅಂದರೆ ಬರಲಿರುವ ಸಂಕಟವನ್ನು. ಆಮೇಲೆ ತಾನೇ ‘ನಿನ್ನ ಚಿತ್ತ’. 88ನೇ ಕೀರ್ತನೆಯನ್ನು ಓದಿ ನೋಡಿ, ಕೊನೆಗೂ ಬೆಳಕು ಬರುವುದಿಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆದರೂ ಅದು ಸತ್ಯವೇದದಲ್ಲಿದೆ, ಪ್ರಾರ್ಥನೆಯಾಗಿಯೇ ಇದೆ. ದೇವರನ್ನು ಕೇಳಿ, ಜಗಳವಾಡಿ. ಸಿಟ್ಟಿನಿಂದ ಕೂಗಿದರೂ ನೀವು ಕೂಗುವುದು ಅವನನ್ನೇ ತಾನೆ? ಇನ್ನೊಂದು, ಕರ್ತನ ಪ್ರಾರ್ಥನೆ ಶುರುವಾಗುವುದೇ ‘ನಮ್ಮ ತಂದೆಯೇ’ ಎಂದು, ‘ನನ್ನ’ ಎಂದಲ್ಲ. ನಿಮ್ಮ ಬಾಯಿ ಕಟ್ಟಿದಾಗ ಆ ಸಾಲನ್ನು ಪಕ್ಕದ ಬೆಂಚಿನವರು ಹೇಳುತ್ತಾರೆ. ಸಭೆ ಇರುವುದೇ ಅದಕ್ಕೆ. ಸಾಕ್ಷಿ ಹೇಳಿ, ಸ್ತೋತ್ರ ಹೇಳಿ ಎಂದು ಒತ್ತಾಯಿಸುವವರಿಗೆ ‘ಸದ್ಯಕ್ಕೆ ನನ್ನ ಪಾಲಿನದನ್ನೂ ನೀವೇ ಹೇಳಿ’ ಅನ್ನಿ. ಸಭಾಪಾಲಕರಿಗೂ ಇದು ಗೊತ್ತಿರಲಿ.

ನಿಮ್ಮ ಗಂಡನ ಬಗ್ಗೆ ಬರೆಯುವಾಗ ರಾಜ ದಾವೀದನ ನೆನಪಾಯಿತು. ಸತ್ಯವೇದದ ಎರಡನೆಯ ಸಮುವೇಲ ಪುಸ್ತಕದಲ್ಲಿ ಅವನಿಗೆ ಒಂದಕ್ಕಿಂತ ಹೆಚ್ಚು ಸಲ ಪುತ್ರಶೋಕ. ಕೂಸು ತೀರಿಕೊಂಡಾಗ ಎದ್ದು ಸ್ನಾನ ಮಾಡಿ ಆರಾಧಿಸಿ ಊಟಕ್ಕೆ ಕೂತ. ಸೇವಕರೇ ಬೆರಗಾದರು. (ಆ ಮಗುವಿನ ಸಾವು ತಂದೆಯ ಪಾಪಕ್ಕೆ ಎಂದು ಅಲ್ಲಿ ಪ್ರವಾದಿ ಹೇಳುತ್ತಾನೆ. ಅದನ್ನು ತಂದು ನಿಮ್ಮ ಮನೆಬಾಗಿಲಿಗೆ ಅಂಟಿಸುವ ಹಕ್ಕು ಯಾರಿಗೂ ಇಲ್ಲ.) ಬೆಳೆದ ಮಗ ಅಬ್ಷಾಲೋಮ ಸತ್ತಾಗ ಅದೇ ದಾವೀದ ಬಾಗಿಲ ಮೇಲಣ ಕೋಣೆಗೆ ಹತ್ತಿಹೋಗಿ ‘ನನ್ನ ಮಗನೇ, ನನ್ನ ಮಗನೇ’ ಎಂದು ಗೋಳಾಡಿದ. ಒಬ್ಬನೇ ಮನುಷ್ಯನ ದುಃಖವೇ ಎರಡು ಥರ ಇರುವಾಗ ಇಬ್ಬರದು ಒಂದೇ ಥರ ಇರಬೇಕೆಂದರೆ ಹೇಗೆ? ನಿಮ್ಮವರು ಅಳುತ್ತಿಲ್ಲ ಅಂದುಕೊಂಡಿದ್ದೀರಿ. ಪ್ರತಿ ಭಾನುವಾರ ಅಲ್ಲಿಗೆ ಯಾಕೆ ಹೋಗುತ್ತಾರೆ ಮತ್ತೆ? ಮುಂದಿನ ವಾರ ಅವರು ಬೈಕ್ ತೆಗೆದಾಗ ‘ನಾನೂ ಬರ್ತೀನಿ’ ಎಂದು ಹಿಂದೆ ಕೂತುಬಿಡಿ. ಬೈಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಮಾತೂ ಆಡಬೇಕಾಗಿಲ್ಲ.

ಮಗನಿಗೆ ‘ನನಗೂ ಗೊತ್ತಿಲ್ಲ ಕಂದಾ, ನಾನೂ ದೇವರನ್ನ ಅದನ್ನೇ ಕೇಳ್ತಿದ್ದೀನಿ’ ಅನ್ನಿ. ‘ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ’ ಎಂದು ಮಾತ್ರ ಯಾರೂ ಹೇಳದಂತೆ ನೋಡಿಕೊಳ್ಳಿ. ಒಳ್ಳೆಯವನಾಗಲು ಹೆದರುವ ಮಕ್ಕಳನ್ನು ನಾನು ನೋಡಿದ್ದೇನೆ. ತಂಗಿಯ ಜೊತೆ ಜಗಳವಾಡಿದ್ದಕ್ಕೇ ಹೀಗಾಯಿತೇನೋ ಎಂಬ ಭಯವೂ ಈ ವಯಸ್ಸಿನಲ್ಲಿ ಒಳಗೇ ಕೂತಿರುತ್ತದೆ. ಅವನು ಕೇಳದಿದ್ದರೂ ‘ನಿನ್ನಿಂದ ಏನೂ ಆಗಲಿಲ್ಲ’ ಎಂದು ಹೇಳಿ, ಒಮ್ಮೆ ಅಲ್ಲ, ಆಗಾಗ.

ಡಿಸೆಂಬರಿನಲ್ಲಿ ಕ್ಯಾರಲ್‌ನವರು ಬರುವುದು ಬೇಡವೆನಿಸಿದರೆ ಮುಂಚೆಯೇ ಹೇಳಿಕಳಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಕ್ರಿಸ್ಮಸ್ ತಿಂಡಿ ಕಲ್‌ಕಲ್ ಮಾಡಲು ಕೈ ಬರದಿದ್ದರೆ ಬಿಡಿ. ಸ್ಟಾರ್ ವಿಷಯ ಮಗನನ್ನು ಕೇಳಿ, ಬೇಡ ಅಂದರೆ ಅಟ್ಟದಲ್ಲೇ ಇರಲಿ. ಕಟ್ಟೋಣ ಅಂದರೆ ಇಬ್ಬರೂ ಸೇರಿ ಇಳಿಸಿ, ಧೂಳು ಒರೆಸಿ, ಒಳಗೆ ಬಲ್ಬ್ ಹಾಕುವುದನ್ನು ಅವನಿಗೇ ಬಿಡಿ. ಅವಳ ಬಣ್ಣ ಗೆರೆ ದಾಟಿ ಆಚೆ ಹೋಗಿದ್ದರೆ ತಿದ್ದಲು ಹೋಗಬೇಡಿ.