ಟೂಲ್‌ಟಿಪ್ ಮಿನುಗುತ್ತಿದ್ದರೆ

ಡಿ3 (ವೆಬ್ ಪುಟದಲ್ಲಿ ಚಾರ್ಟ್ ಬರೆಯುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬಾರ್ ಚಾರ್ಟ್‌ನಲ್ಲಿ ಮೌಸ್ ಇಟ್ಟಾಗ ಟೂಲ್‌ಟಿಪ್, ಅಂದರೆ ಮಾಹಿತಿ ತೋರಿಸುವ ಪುಟ್ಟ ಪೆಟ್ಟಿಗೆ, ಪಟಪಟನೆ ಬಂದು ಹೋಗುತ್ತಿದೆ ಅಂದಿರಲ್ಲ, ಬಹುಪಾಲು ಅದು ಕರ್ಸರ್‌ನ ಕೆಳಗೇ ಬಂದು ಕೂರುತ್ತಿದೆ. ಮೌಸ್ ಹೊರಗೆ ಹೋಯಿತೆಂದು ಬಾರ್ ಅಂದುಕೊಳ್ಳುತ್ತದೆ, ಟೂಲ್‌ಟಿಪ್ ಮಾಯ. ಮಾಯವಾದ ಕೂಡಲೇ ಮೌಸ್ ಮತ್ತೆ ಬಾರ್ ಮೇಲೆ. ಕಣ್ಣಾಮುಚ್ಚಾಲೆ!

ಮೊದಲು ಟೂಲ್‌ಟಿಪ್‌ನ ಸಿಎಸ್‌ಎಸ್‌ಗೆ (ಅದರ ರೂಪ ಹೇಳುವ ಕೋಡ್) ‘ಪಾಯಿಂಟರ್-ಇವೆಂಟ್ಸ್: ನನ್’ (pointer-events: none) ಹಾಕಿ, ಆಗ ಮೌಸ್ ಟೂಲ್‌ಟಿಪ್ಪನ್ನು ಲೆಕ್ಕಿಸುವುದಿಲ್ಲ. ನನಗೆ ಇಷ್ಟರಲ್ಲೇ ಸರಿಹೋಗಿತ್ತು. ಆಮೇಲೆ ಅದನ್ನು ಕರ್ಸರ್‌ನಿಂದ 12 ಪಿಕ್ಸೆಲ್‌ನಷ್ಟು ಆಚೆ ಇಡಿ, ನೋಡಲೂ ಚೆನ್ನ.

ನೀವು ಕೋಡ್ ಹಾಕಿಲ್ಲವಾದ್ದರಿಂದ ಇನ್ನೊಂದು ಬರೀ ಊಹೆ: ಕನ್ಸೋಲ್‌ನಲ್ಲಿ (ಬ್ರೌಸರ್ ತಪ್ಪುಗಳನ್ನು ತೋರಿಸುವ ಕಿಟಕಿ) ಎರರ್ ಕೂಡ ಇದ್ದರೆ, ಹಳೆಯ ಟ್ಯುಟೋರಿಯಲ್ ನೋಡಿ ‘ಡಿ3.ಇವೆಂಟ್’ ಬಳಸಿರಬಹುದು. ಡಿ3ಯ 6ನೇ ಆವೃತ್ತಿಯಿಂದ ಅದಿಲ್ಲ. ಈಗ ಹ್ಯಾಂಡ್ಲರ್ ಫಂಕ್ಷನ್‌ಗೆ (ಮೌಸ್ ಬಂದಾಗ ಓಡುವ ಫಂಕ್ಷನ್) ಮೊದಲು ಇವೆಂಟ್, ನಂತರ ಡೇಟಾ ಬರುತ್ತದೆ. ಆ ಕ್ರಮಕ್ಕೆ ಬದಲಿಸಿ, ಟೂಲ್‌ಟಿಪ್ ಇಡಲು ಮೌಸ್ ಇರುವ ಜಾಗವನ್ನು ‘ಇವೆಂಟ್.ಪೇಜ್‌ಎಕ್ಸ್’, ‘ಇವೆಂಟ್.ಪೇಜ್‌ವೈ’ಯಿಂದ ತೆಗೆದುಕೊಳ್ಳಿ.