ಎಂಜಿನ್ ಅಡಿಯ ನೀರು

ಪ್ರಶ್ನೆ: ನಮ್ಮ ಹಾಯಿದೋಣಿಯ ಎಂಜಿನ್ ಅಡಿಯಲ್ಲಿ ಎಣ್ಣೆ ಬೆರೆತ ನೀರು ಮತ್ತೆ ಮತ್ತೆ ತುಂಬಿಕೊಳ್ಳುತ್ತದೆ. ಸ್ವಯಂಚಾಲಿತ ಪಂಪು ಅಳವಡಿಸಿದರೆ ಸಾಕೇ?

ಉತ್ತರ: ಸಾಲದು, ಅದು ನೀರಿನೊಂದಿಗೆ ಎಣ್ಣೆಯನ್ನೂ ಹೊರಚೆಲ್ಲುತ್ತದೆ. ತಳವನ್ನು ಒರೆಸಿ ಒಣಗಿಸಿ, ಎಂಜಿನ್ ಓಡಿಸಿ, ಹನಿ ಎಲ್ಲಿಂದ ಬೀಳುತ್ತಿದೆಯೆಂದು ಮೊದಲು ಗುರುತಿಸಿರಿ. ಹುರಿ ತುಂಬಿದ ಹಳೆಯ ಬಗೆಯ ಶಾಫ್ಟ್ ಸೀಲಿನಲ್ಲಿ (ಪ್ರೊಪೆಲ್ಲರ್ ತಿರುಗಿಸುವ ದಂಡವಾದ ಶಾಫ್ಟ್ ದೋಣಿಯಿಂದ ಹೊರಹೋಗುವಲ್ಲಿ ನೀರು ತಡೆಯುವ ಭಾಗ), ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಸೋರುವುದು ಸಹಜವಾಗಿದ್ದು, ಅದನ್ನು ಪೂರ್ತಿ ನಿಲ್ಲುವಂತೆ ಬಿಗಿದರೆ ಶಾಫ್ಟ್ ಕಾದು ಸವೆಯುತ್ತದೆ. ಬಣ್ಣದ ನೀರು ಕಂಡರೆ ಎಂಜಿನ್ ತಣಿಸುವ ದ್ರವವಾದ ಕೂಲೆಂಟ್‌ನ ಸೋರಿಕೆಯೆಂದು ಶಂಕಿಸಬಹುದು (ಅದು ವಿಷ, ರುಚಿ ನೋಡಬೇಡಿ).

ಎಂಜಿನ್ ಕೆಳಗೆ ಪ್ರತ್ಯೇಕ ತಟ್ಟೆಯಿಟ್ಟು, ಎಣ್ಣೆಯನ್ನು ಮಾತ್ರ ಹೀರುವ ಹಾಸನ್ನು ಅದರಲ್ಲಿ ಹರಡಿ, ತೊಯ್ದ ಹಾಸನ್ನು ದಡದ ತ್ಯಾಜ್ಯ ಎಣ್ಣೆ ಸಂಗ್ರಹಕ್ಕೇ ಒಪ್ಪಿಸಿರಿ. ಎಂಜಿನ್ ಅಡಿಯ ನೀರಿಗೆ ಸಾಬೂನು ಸುರಿಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದರಿಂದ ಎಣ್ಣೆ ನೀರಿನಲ್ಲಿ ಕದಡಿ, ಬೇರ್ಪಡಿಸಲು ಇನ್ನಷ್ಟು ಕಷ್ಟವಾಗುತ್ತದೆ.